ಉಡುತಡಿಯ ಹುಡುಗಿ, ಹಿಂದಿನ ಬೆಂಚಿನ ಹುಡುಗ

ಶಿರಾಳಕೊಪ್ಪದ ಹತ್ತಿರದ ಉಡುತಡಿಗೆ ಈಗ ದೂರದೂರುಗಳಿಂದ ಜನ ಬರುತ್ತಾರೆ. ಅಕ್ಕಮಹಾದೇವಿಯ ಎತ್ತರದ ಪ್ರತಿಮೆಯ ಮುಂದೆ ಶಾಲಾ ಪ್ರವಾಸದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೇಷ್ಟ್ರು ಫೋಟೊ ತೆಗೆಸುತ್ತಾರೆ. ಅಂಥ ಯಾವ ಸಾಲಿನಲ್ಲೂ ತುದಿಗೆ ಸರಿದು, ಮುಂದಿನವರ ಹೆಗಲ ಹಿಂದೆ ಮುಖ ಮರೆಸಿಕೊಳ್ಳುವ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತದೆ. ಹಾಜರಿ ಕರೆದಾಗ ‘ಯಸ್ ಸಾರ್’ ಎನ್ನಲೂ ಅದಕ್ಕೆ ಗಂಟಲು ಕಟ್ಟುತ್ತದೆ. ನೆಂಟರು ಬಂದರೆ ಹಿತ್ತಲಿಗೆ ಹೋಗುತ್ತದೆ. ಮನೆಯಲ್ಲಿ ‘ಮುಖೇಡಿ’ ಎನ್ನುತ್ತಾರೆ, ಶಾಲೆಯಲ್ಲಿ ‘ಗುಮ್ಮನಗುಸಕ’ ಎನ್ನುತ್ತಾರೆ. ಒಳಗೆ ಏನು ನಡೆಯುತ್ತಿದೆ ಎಂದು ಕೇಳುವವರು ಕಡಿಮೆ. ಹದಿಮೂರು ದಾಟಿದ, ಹದಿನೆಂಟು ಮುಟ್ಟದ ಆ ಮಗುವಿನ ಕೈಗೆ ಕನ್ನಡ ಸಾಹಿತ್ಯ ಇಷ್ಟು ವರ್ಷಗಳಲ್ಲಿ ಏನು ಕೊಟ್ಟಿದೆ ಎಂಬುದೇ ಈ ಸಂಚಿಕೆಯ ಸಿಂಹಾವಲೋಕನ.

ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಮಾತು ಹೊರಡದ, ನೊಂದ ಎಳೆಯರ ಬಗ್ಗೆ ಕನ್ನಡ ಬಹಳ ಚೆನ್ನಾಗಿ ಬರೆದಿದೆ. ಆದರೆ ಬರೆದದ್ದು ಹಿರಿಯರು ಓದಲಿ ಎಂದು. ಆ ಎಳೆಯರೇ ಕೈಗೆತ್ತಿಕೊಂಡು ‘ಇದು ನನ್ನ ಕಥೆ’ ಎನ್ನಬಹುದಾದ ಪುಸ್ತಕಗಳನ್ನು ಹುಡುಕಹೊರಟರೆ ಕಪಾಟು ಬಹುಪಾಲು ಖಾಲಿ.

ಉಡುತಡಿಯಿಂದಲೇ ಶುರು ಮಾಡೋಣ. ಅಕ್ಕನ ಬದುಕನ್ನು ಕಥೆಯಾಗಿ ಹೇಳಿದವರಲ್ಲಿ ಮೊದಲಿಗ ಹರಿಹರ. ಅವನ ‘ಮಹಾದೇವಿಯಕ್ಕನ ರಗಳೆ’ಯನ್ನು ನಾವು ಭಕ್ತಿಯ ಕಾವ್ಯವೆಂದು ಓದುತ್ತೇವೆ, ಅದು ಸರಿಯೇ. ಆದರೆ ಅದರ ನಡುವೆ ಒಬ್ಬ ಎಳೆಯ ಹುಡುಗಿ ಸಿಕ್ಕಿಬಿದ್ದಿರುವ ಇಕ್ಕಟ್ಟು ಎಷ್ಟು ನಿಜವಾದದ್ದು! ಊರ ಅರಸ ಕೌಶಿಕ ಅವಳನ್ನು ಬಯಸುತ್ತಾನೆ. ಅರಸನ ಒತ್ತಾಯಕ್ಕೆ ತಂದೆತಾಯಿ ನಡುಗುತ್ತಾರೆ. ತನ್ನಿಂದ ಹೆತ್ತವರಿಗೆ ಕೇಡಾಗಬಾರದೆಂದು ಹುಡುಗಿ ಮದುವೆಗೆ ಒಪ್ಪುತ್ತಾಳೆ, ಒಪ್ಪುವಾಗ ಕರಾರು ಹಾಕುತ್ತಾಳೆ: ತನ್ನಿಚ್ಛೆಯಂತೆ ಪೂಜೆಯಲ್ಲಿ, ಶರಣರ ಸಂಗದಲ್ಲಿ, ಗುರುವಿನ ಸೇವೆಯಲ್ಲಿ ಇರಲು ಬಿಡಬೇಕು. ಅವನು ಮತ್ತೆ ಮತ್ತೆ ಮಾತು ಮುರಿಯುತ್ತಾನೆ, ಅವಳು ಹೊರಟುಬಿಡುತ್ತಾಳೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮದುವೆ ನಡೆಯದೆಯೇ ಅವಳು ಹೊರಡುತ್ತಾಳೆ. ಮದುವೆ ಆಯಿತೇ, ಇಲ್ಲವೇ ಎಂದು ವಿದ್ವಾಂಸರು ಬಹುಕಾಲ ವಾದಿಸಿದ್ದಾರೆ. ಒಪ್ಪಿದ ಆ ರಾತ್ರಿ ಉಡುತಡಿಯ ಮನೆಯೊಳಗೆ ಆ ಹುಡುಗಿ ಹೇಗಿದ್ದಳು, ಯಾರೊಂದಿಗೆ ಮಾತಾಡಿದಳು, ಉಂಡಳೇ, ಮಲಗಿದಳೇ ಎಂಬುದರ ಬಗ್ಗೆ ವಾದವೂ ಇಲ್ಲ, ಕಥೆಯೂ ಇಲ್ಲ. ನಮ್ಮ ಕಥನವೆಲ್ಲ ಕಲ್ಯಾಣದ ಅನುಭವ ಮಂಟಪಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ಧಾವಿಸುತ್ತದೆ. ಎಚ್. ತಿಪ್ಪೇರುದ್ರಸ್ವಾಮಿಯವರು ಅಕ್ಕನನ್ನು ಕುರಿತು ಬರೆದ, ಎರಡು ತಲೆಮಾರಿನ ಓದುಗರು ಪ್ರೀತಿಯಿಂದ ಓದಿದ ಕಾದಂಬರಿಯ ಹೆಸರೇ ‘ಕದಳಿಯ ಕರ್ಪೂರ’. ಉಡುತಡಿಯ ಹೆಸರಿನ ಕಾದಂಬರಿಯೊಂದು ಹದಿಹರೆಯದವರಿಗಾಗಿ ಬರಬೇಕಿತ್ತು ಎಂದು ನಮಗೆ ಬಲವಾಗಿ ಅನ್ನಿಸುತ್ತದೆ.

ಮಹಾದೇವಿಯನ್ನು ಸಂಕೋಚದ ಹುಡುಗಿ ಎಂದು ನಾವು ಹೇಳುತ್ತಿಲ್ಲ. ವಚನಗಳಲ್ಲಿ ಕೇಳುವ ದನಿ ಅಳುಕಿನದಲ್ಲ. ಆದರೂ ಆ ವಚನಗಳ ಬಹುಭಾಗ ಮನುಷ್ಯರನ್ನು ಉದ್ದೇಶಿಸಿದ್ದಲ್ಲ ಎಂಬುದನ್ನು ಗಮನಿಸಬೇಕು. ಅವಳು ಚೆನ್ನಮಲ್ಲಿಕಾರ್ಜುನನೊಂದಿಗೆ ಮಾತಾಡುತ್ತಾಳೆ, ಗಿಡಮರ ಹಕ್ಕಿಗಳೊಂದಿಗೆ ಮಾತಾಡುತ್ತಾಳೆ. ಸುತ್ತಲಿನವರಿಗೆ ಅರ್ಥವಾಗದ್ದನ್ನು ಬೇರೆ ಯಾರಿಗೋ ಹೇಳಿಕೊಳ್ಳುವುದು ಹದಿಹರೆಯದ ಮನಸ್ಸಿಗೆ ತೀರ ಹತ್ತಿರದ ಸಂಗತಿ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಯಾರಿಗೂ ತೋರಿಸದೆ ಏನೋ ಗೀಚುವ ಹುಡುಗಿಗೆ ಇದನ್ನು ಹೇಳಿಕೊಟ್ಟರೆ ಅಕ್ಕ ಕೂಡಲೇ ಅವಳ ಗೆಳತಿಯಾಗುತ್ತಾಳೆ. ನಾವು ಮಾತ್ರ ಭಾವಾರ್ಥ ಬರೆಯಿರಿ ಎಂದು ನಾಲ್ಕು ಅಂಕದ ಪ್ರಶ್ನೆ ಕೊಟ್ಟು ಮುಂದೆ ಹೋಗುತ್ತೇವೆ.

ಉಡುತಡಿ ಇರುವ ಶಿಕಾರಿಪುರ ತಾಲ್ಲೂಕಿನದೇ ಬಳ್ಳಿಗಾವಿಯಲ್ಲಿ ಇನ್ನೊಬ್ಬ ನೊಂದ ತರುಣನಿದ್ದ. ಹರಿಹರನ ‘ಪ್ರಭುದೇವರ ರಗಳೆ’ಯ ಅಲ್ಲಮ ಮದ್ದಳೆ ಬಾರಿಸುವ ಹುಡುಗ. ಕಾಮಲತೆಯನ್ನು ಪ್ರೀತಿಸುತ್ತಾನೆ, ಜ್ವರಕ್ಕೆ ಅವಳು ತೀರಿಕೊಳ್ಳುತ್ತಾಳೆ, ಅವನು ಮರುಳನಂತೆ ಅಲೆಯುತ್ತಾನೆ. ಗುರು ಅನಿಮಿಷಯ್ಯ ಸಿಗುವುದು, ಅಲ್ಲಮ ಪ್ರಭುವಾಗುವುದು ಎಲ್ಲ ಆಮೇಲೆ. ಆ ಅಲೆದಾಟದ ದಿನಗಳನ್ನು ಇಂದಿನ ಕಾಲೇಜು ಹುಡುಗನಿಗೆ ತಾಗುವಂತೆ ಹೇಳಲು ಬಳ್ಳಿಗಾವಿಯ ಕೇದಾರೇಶ್ವರ ಗುಡಿಯ ಕಲ್ಲುಗಳು ಸಾಲವು, ಕಥೆಗಾರ ಬೇಕು. ತಾಲ್ಲೂಕಿನ ಎರಡು ಹಳ್ಳಿಗಳು ಕನ್ನಡಕ್ಕೆ ಇಂಥ ಇಬ್ಬರನ್ನು ಕೊಟ್ಟಿವೆ. ಇಬ್ಬರನ್ನೂ ನಾವು ಪೀಠದ ಮೇಲೆ ಕೂರಿಸಿ, ಅವರ ಹರೆಯವನ್ನು ಮಾತ್ರ ಕೈಬಿಟ್ಟಿದ್ದೇವೆ.

ಹೊಸಗಾಲಕ್ಕೆ ಬಂದರೆ ಶಿವಮೊಗ್ಗ ಜಿಲ್ಲೆಯೇ ಮುಂದೆ ನಿಲ್ಲುತ್ತದೆ. 1963ರಲ್ಲಿ ಬಂದ ‘ಪ್ರಶ್ನೆ’ ಸಂಕಲನದಲ್ಲಿ ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಇದೆ. ಮಲೆನಾಡಿನ ವೇದಪಾಠಶಾಲೆ, ಮನೆ ಬಿಟ್ಟು ಬಂದ ಪುಟ್ಟ ಹುಡುಗ, ಹಿರಿಯ ಹುಡುಗರ ಕಾಟ, ಅಮ್ಮನಂತೆ ನೋಡಿಕೊಳ್ಳುವ ಯಮುನಕ್ಕ. ಯಮುನಕ್ಕನ ಗುಟ್ಟು ಹುಡುಗನಿಗೆ ಗೊತ್ತು, ಹೇಳಲು ಅವನಿಗೆ ಬಾಯಿಲ್ಲ. ಮಾತು ಬಾರದ ಎಳೆಯನ ಕಣ್ಣಿನಿಂದ ಹಿರಿಯರ ಕ್ರೌರ್ಯವನ್ನು ಕನ್ನಡ ಇಷ್ಟು ಹತ್ತಿರದಿಂದ ನೋಡಿದ್ದು ಅಪರೂಪ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಅದನ್ನು ಚಿತ್ರವಾಗಿಸಿ ಸ್ವರ್ಣಕಮಲ ತಂದರು. ತೀರ್ಥಹಳ್ಳಿಯವರೇ ಆದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರದ್ದು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ವಿಧವೆಯಾದ ಹುಡುಗಿ, ದೊಡ್ಡವಳಾದಾಗ ತಲೆ ಬೋಳಿಸಿಕೊಳ್ಳಬೇಕಾದ ಹುಡುಗಿ, ಬಾಯಿ ಬಿಡದೆ ಎಲ್ಲವನ್ನೂ ನೋಡುತ್ತ ಬೆಳೆಯುತ್ತಾಳೆ. ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ಕಾದಂಬರಿಯ ಕಿಟ್ಟಿ ಮೈಸೂರು ಸೀಮೆಯ ಹುಡುಗನಾದರೂ ಇವರ ಒಡಹುಟ್ಟಿನಂತಿದ್ದಾನೆ. ಮೂರೂ ದೊಡ್ಡ ಕೃತಿಗಳು. ಮೂರರಲ್ಲೂ ಎಳೆಯರ ಕಣ್ಣು ಹಿರಿಯರ ಲೋಕವನ್ನು ತೂಗುವ ತಕ್ಕಡಿಯಾಗಿದೆ. ಆ ಕಣ್ಣಿನ ಹಿಂದಿನ ಮಗುವಿಗೆ ಮುಂದೇನಾಯಿತು, ಅದು ಆ ನೋವನ್ನು ಹೊತ್ತು ಹೇಗೆ ಬೆಳೆಯಿತು ಎಂಬ ಪ್ರಶ್ನೆಯನ್ನು ‘ಫಣಿಯಮ್ಮ’ ಒಂದೇ ಕೊನೆಯವರೆಗೂ ಹಿಡಿದು ಹೋಗುತ್ತದೆ. ಅದಕ್ಕೇ ಅದನ್ನು ನಾವು ಉಳಿದೆರಡಕ್ಕಿಂತ ಒಂದು ಹೆಜ್ಜೆ ಮುಂದಿಡುತ್ತೇವೆ. ಹೈಸ್ಕೂಲಿನ ಹುಡುಗಿಯರಿಗೆ ಧೈರ್ಯವಾಗಿ ಕೊಡಬಹುದಾದ ಪುಸ್ತಕವದು.

ಜನ ಮನಸ್ಸಿನಲ್ಲಿ ಉಳಿಸಿಕೊಂಡ ಹದಿಹರೆಯದ ನಾಯಕ ಮಾತ್ರ ಬೇರೆ ಬಗೆಯವನು. ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ಚಿತ್ರದ ರಾಮಾಚಾರಿಯನ್ನು ಅರಿಯದವರಿಲ್ಲ. ಅವನೂ ನೊಂದ ಹುಡುಗನೇ. ಆದರೆ ಅವನ ನೋವು ಸಿಟ್ಟಾಗಿ ಹೊರಬರುತ್ತದೆ, ಬಂಡೆ ಹತ್ತಿ ನಿಲ್ಲುತ್ತದೆ, ಎಲ್ಲರಿಗೂ ಕಾಣುತ್ತದೆ. ಅಂಥವನಿಗೆ ಒಬ್ಬ ಚಾಮಯ್ಯ ಮೇಷ್ಟ್ರಾದರೂ ಸಿಗುತ್ತಾರೆ. ಒಳಗೇ ಕುಸಿಯುವವನನ್ನು ಯಾವ ಮೇಷ್ಟ್ರೂ ಗುರುತಿಸುವುದಿಲ್ಲ, ಏಕೆಂದರೆ ಅವನಿಂದ ತರಗತಿಗೆ ತೊಂದರೆಯೇ ಇಲ್ಲ. ‘ತುಂಬಾ ಒಳ್ಳೆ ಹುಡುಗ, ಸದ್ದೇ ಇಲ್ಲ’ ಎಂದು ಅಪ್ಪ ಅಮ್ಮನ ಮುಂದೆ ಹೊಗಳಿ ಕಳಿಸುತ್ತಾರೆ.

ಮಕ್ಕಳ ಸಾಹಿತ್ಯದ ಕಡೆಯಿಂದ ಈ ಹುಡುಗನನ್ನು ಹುಡುಕಿದರೂ ಅಷ್ಟೇ. ಶಿವರಾಮ ಕಾರಂತರು 1936ರ ಸುಮಾರಿಗೆ ‘ಬಾಲಪ್ರಪಂಚ’ ಕೊಟ್ಟರು. 1949ರಿಂದ ಕನ್ನಡ ‘ಚಂದಮಾಮ’ ಬಂತು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ ‘ದಿನಕ್ಕೊಂದು ಕಥೆ’ ಬರೆದರು. ಅವರು ವೈದ್ಯೆಯಾಗಿ ಬರೆದ ‘ಕೇಳು ಕಿಶೋರಿ’ಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಮೈನೆರೆಯುವ ಹುಡುಗಿಯರಿಗೆ ಅಮ್ಮ ಹೇಳಲು ಮುಜುಗರಪಡುತ್ತಿದ್ದದ್ದನ್ನು ಅದು ಅಕ್ಕನ ಹಾಗೆ ಕೂರಿಸಿಕೊಂಡು ಹೇಳಿತು. ಹರೆಯದವರನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡಿದ ಕನ್ನಡ ಪುಸ್ತಕಗಳಲ್ಲಿ ಅದಕ್ಕೆ ಮೊದಲ ಸಾಲಿನ ಜಾಗವಿದೆ. ಅದು ಆರೋಗ್ಯದ ಪುಸ್ತಕ. ಅದೇ ಸಲಿಗೆಯಲ್ಲಿ ಮನಸ್ಸಿನ ಕಥೆ ಹೇಳುವ ಕಾದಂಬರಿಗಳು ಹಿಂದೆಯೇ ಬಂದಿದ್ದರೆ ಇಂದು ಈ ಲೇಖನ ಬೇಕಾಗುತ್ತಿರಲಿಲ್ಲ.

ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರ ಆರಂಭಿಸಿತು. ಕನ್ನಡಕ್ಕೆ ಮೊದಲ ಪುರಸ್ಕಾರ ತಂದದ್ದು ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’. ಈ ಆಯ್ಕೆಯಲ್ಲಿ ಬಹುಮಂದಿ ಗಮನಿಸದ ಒಂದು ಸಂಗತಿಯಿದೆ. ಗಾಂಧೀಜಿ ಚಿಕ್ಕಂದಿನಲ್ಲಿ ವಿಪರೀತ ಸಂಕೋಚದ ಹುಡುಗ. ಶಾಲೆ ಬಿಟ್ಟೊಡನೆ ಯಾರಾದರೂ ಮಾತಾಡಿಸಿ ಗೇಲಿ ಮಾಡಿಯಾರೆಂದು ಮನೆಗೆ ಓಡಿಬಿಡುತ್ತಿದ್ದುದನ್ನು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಹದಿನೈದರ ವಯಸ್ಸಿನಲ್ಲಿ ಅಣ್ಣನ ಕಡಗದ ಚಿನ್ನ ಕದ್ದದ್ದು, ಬಾಯಲ್ಲಿ ಹೇಳಲಾಗದೆ ಚೀಟಿ ಬರೆದು ಹಾಸಿಗೆ ಹಿಡಿದಿದ್ದ ತಂದೆಯ ಕೈಗಿತ್ತದ್ದು, ಒಂದು ಹಂತದಲ್ಲಿ ಬದುಕೇ ಬೇಡವೆನ್ನಿಸಿದ್ದು ಎಲ್ಲವೂ ಅಲ್ಲಿದೆ. ಲಂಡನ್ನಿನಲ್ಲೂ ಸಭೆಯಲ್ಲಿ ಎದ್ದು ನಿಂತರೆ ನಾಲ್ಕು ಮಾತು ಹೊರಡುತ್ತಿರಲಿಲ್ಲ. ಆ ಸಂಕೋಚವೇ ತನಗೆ ಮಾತನ್ನು ಅಳೆದು ಆಡುವುದನ್ನು ಕಲಿಸಿತೆಂದು ಅವರು ಆಮೇಲೆ ಹೇಳಿಕೊಂಡರು. ನಾವು ಶಾಲೆಗಳಲ್ಲಿ ಅಕ್ಟೋಬರ್ 2ರಂದು ಮಾತಾಡಬಲ್ಲ ಮಕ್ಕಳನ್ನು ಆರಿಸಿ ಗಾಂಧೀಜಿ ಕುರಿತು ಭಾಷಣ ಮಾಡಿಸುತ್ತೇವೆ. ಹಿಂದಿನ ಬೆಂಚಿನ ಹುಡುಗನಿಗೆ ಗಾಂಧೀಜಿ ನಿನ್ನಂಥವನೇ ಎಂದು ಹೇಳುವ ದಿನವೂ ಅದೇ ಆಗಬೇಕಿತ್ತು.

ಮರುವರ್ಷ, 2011ರಲ್ಲಿ, ಪುರಸ್ಕಾರ ನೆರೆಯ ಸಾಗರಕ್ಕೆ ಬಂತು. ಸೊರಬದ ಗಡಿಯಾಚೆ ಕೂತು ಬರೆದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ ಅದು ಸಂದಿತು. ಶರಾವತಿ ಯೋಜನೆಯಲ್ಲಿ ನೌಕರಿ ಮಾಡಿ, ಲಿಂಗನಮಕ್ಕಿಯ ನೀರಿನಡಿ ಹೋದ ಊರುಗಳ ಕಥೆಯನ್ನು ‘ದ್ವೀಪ’, ‘ಮುಳುಗಡೆ’ಗಳಲ್ಲಿ ಹಿರಿಯರಿಗೆ ಹೇಳಿದವರು ಅದೇ ನೋವನ್ನು ಎಳೆಯರಿಗೂ ಹೇಳಬಹುದೆಂದು ನಂಬಿದ್ದರು. ನಮ್ಮ ಸೀಮೆಯ ಲೇಖಕರಲ್ಲಿ ಆ ನಂಬಿಕೆ ಅಪರೂಪ. ಮಕ್ಕಳಿಗೆ ಬರೆಯುವುದೆಂದರೆ ಕೆಳಗಿನ ಮೆಟ್ಟಿಲಿಗೆ ಇಳಿಯುವುದು ಎಂಬ ಭಾವನೆ ಇನ್ನೂ ಹೋಗಿಲ್ಲ. ಮಡಿಕೇರಿಯ 80ನೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಮೇಲೂ ಡಿಸೋಜ ಅವರು ಮಕ್ಕಳ ಲೇಖಕನೆಂಬ ಗುರುತನ್ನು ಬಿಟ್ಟುಕೊಡಲಿಲ್ಲ. 2025ರ ಜನವರಿ 5ರಂದು ಅವರು ತೀರಿಕೊಂಡರು. ಅವರ ಜಾಗದಲ್ಲಿ ಈ ಕಡೆಯಿಂದ ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.

ಇತ್ತೀಚಿನ ಪಟ್ಟಿ ನೋಡಿದರೆ ಸ್ವಲ್ಪ ಭರವಸೆ ಮೂಡುತ್ತದೆ. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ 2021ರಲ್ಲಿ, ಸೊರಬಕ್ಕೆ ಒತ್ತಿಕೊಂಡ ಸಿದ್ದಾಪುರದ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ 2022ರಲ್ಲಿ, ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ 2023ರಲ್ಲಿ ಈ ಪುರಸ್ಕಾರ ಪಡೆದವು. ರಾಜಕುಮಾರಿ, ಮಾತಾಡುವ ಮೊಲ, ನೀತಿಯ ಕೊನೆ ಇವನ್ನು ದಾಟಿ ಊರಿನ ನಿಜವಾದ ಮಕ್ಕಳು ಕಾದಂಬರಿಗೆ ಬರುತ್ತಿದ್ದಾರೆ. ಆದರೂ ಒಂದು ತಕರಾರು ಹೇಳಲೇಬೇಕು. ಈ ಪುರಸ್ಕಾರ ಒಂಬತ್ತರಿಂದ ಹದಿನಾರು ವಯಸ್ಸಿನವರ ಓದನ್ನು ಒಂದೇ ಗಂಟಿನಲ್ಲಿ ಕಟ್ಟುತ್ತದೆ. ನಾಲ್ಕನೆಯ ತರಗತಿಯ ಮಗುವೂ ಪಿಯುಸಿ ಮೆಟ್ಟಿಲಲ್ಲಿ ನಿಂತವಳೂ ಒಂದೇ ಎಂದರೆ, ಬರೆಯುವವರು ಚಿಕ್ಕ ಮಗುವನ್ನೇ ನೆನೆದು ಬರೆಯುವುದು ಸಹಜ. ಹಾಗಾಗಿ ಹದಿನೈದರ ದುಗುಡ ಹೊರಗೇ ಉಳಿಯುತ್ತದೆ.

ಬೇರೆ ಕಡೆ ಏನಾಗಿದೆ ಎಂದು ಒಮ್ಮೆ ನೋಡಿ. ಅಮೆರಿಕದಲ್ಲಿ ಎಸ್.ಇ. ಹಿಂಟನ್ ಎಂಬ ಹುಡುಗಿ ತನ್ನ ಹದಿಹರೆಯದಲ್ಲೇ ಬರೆದ ‘ದಿ ಔಟ್‌ಸೈಡರ್ಸ್’ 1967ರಲ್ಲಿ ಬಂತು. 1999 ಒಂದರಲ್ಲೇ ಅಲ್ಲಿ ಎರಡು ಮುಖ್ಯ ಕಾದಂಬರಿಗಳು ಬಂದವು. ಸ್ಟೀಫನ್ ಚ್ಬಾಸ್ಕಿಯ ‘ದಿ ಪರ್ಕ್ಸ್ ಆಫ್ ಬೀಯಿಂಗ್ ಎ ವಾಲ್‌ಫ್ಲವರ್’ನಲ್ಲಿ ಚಾರ್ಲಿ ಎಂಬ ಮುದುಡಿದ ಹುಡುಗ ಅಪರಿಚಿತರೊಬ್ಬರಿಗೆ ಪತ್ರ ಬರೆಯುತ್ತ ಹೋಗುತ್ತಾನೆ. ಲಾರಿ ಹಾಲ್ಸ್ ಆ್ಯಂಡರ್ಸನ್ನಳ ‘ಸ್ಪೀಕ್’ನಲ್ಲಿ ದೌರ್ಜನ್ಯಕ್ಕೊಳಗಾದ ಹುಡುಗಿ ಮಾತನ್ನೇ ಬಿಟ್ಟುಬಿಡುತ್ತಾಳೆ. ಎರಡೂ ಪುಸ್ತಕಗಳು ಹುಡುಗರ ಕೈಯಿಂದ ಕೈಗೆ ಹೋದವು. ನಮ್ಮ ಇಂಗ್ಲಿಷ್ ಮಾಧ್ಯಮದ ಮಕ್ಕಳು ಇವನ್ನು ಮೊಬೈಲಿನಲ್ಲೇ ಓದುತ್ತಾರೆ. ಕನ್ನಡ ಮಾಧ್ಯಮದ ಮಗುವಿಗೆ ಆ ಬಾಗಿಲೂ ಇಲ್ಲ.

ಆ ಪುಸ್ತಕಗಳನ್ನು ಇದ್ದ ಹಾಗೆಯೇ ತಂದು ಹಾಕಿದರೆ ಸಾಲದು. ಸೊರಬ, ಶಿಕಾರಿಪುರದ ಹುಡುಗನ ಮೌನಕ್ಕೆ ಅವನದೇ ಕಾರಣಗಳಿವೆ. ತಾಂಡಾದಿಂದ ಬಂದ ಮಗುವಿಗೆ ಮನೆಮಾತು ಲಂಬಾಣಿ. ಕನ್ನಡದಲ್ಲಿ ಒಂದು ಉಚ್ಚಾರ ತಪ್ಪಿದರೆ ತರಗತಿ ನಗುತ್ತದೆ, ಮರುದಿನದಿಂದ ಮಗು ಬಾಯಿ ತೆರೆಯುವುದಿಲ್ಲ. ಶಿರಾಳಕೊಪ್ಪದಲ್ಲಿ ಉರ್ದು ಶಾಲೆ ಮುಗಿಸಿ ಕನ್ನಡ ಮಾಧ್ಯಮಕ್ಕೆ ಸೇರಿದ ಹುಡುಗಿಯ ಪಾಡೂ ಹೀಗೆಯೇ. ಅಪ್ಪ ಅಮ್ಮ ದುಡಿಯಲು ಬೇರೆ ಸೀಮೆಗೆ ಹೋದಾಗ ಅಜ್ಜಿಯ ಜೊತೆ ಉಳಿದವನು, ಹತ್ತನೆಯ ವಯಸ್ಸಿಗೇ ವಸತಿ ಶಾಲೆಯ ಕಬ್ಬಿಣದ ಮಂಚಕ್ಕೆ ಬಂದವಳು, ಶುಂಠಿಗೆ ಮಾಡಿದ ಸಾಲದ ಮಾತು ರಾತ್ರಿಯಿಡೀ ಗೋಡೆಯಾಚೆಯಿಂದ ಕೇಳಿಸಿಕೊಳ್ಳುವವನು, ಹತ್ತನೇ ತರಗತಿ ಮುಗಿಯುವ ಮೊದಲೇ ಮನೆಗೆ ಬಂದ ‘ಸಂಬಂಧ’ವನ್ನು ಯಾರಿಗೂ ಹೇಳಲಾಗದವಳು. ಕೌಶಿಕನ ಕಥೆ ಉಡುತಡಿಯಲ್ಲಿ ಹನ್ನೆರಡನೆಯ ಶತಮಾನಕ್ಕೇ ಮುಗಿಯಲಿಲ್ಲ. ಸುಮ್ಮನಿರುವ ಎಲ್ಲ ಮಕ್ಕಳೂ ಕಾಯಿಲೆಯವರಲ್ಲ, ಹಲವರದು ಹುಟ್ಟುಗುಣ, ಅದರಲ್ಲಿ ತಪ್ಪೇನಿಲ್ಲ. ಆದರೆ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವಯಸ್ಸಿನವರಲ್ಲಿ ಶೇ 7.3 ಮಂದಿಗೆ ಮಾನಸಿಕ ತೊಂದರೆ ಇರುವುದನ್ನು ಗುರುತಿಸಿತು. ನಲವತ್ತು ಮಕ್ಕಳ ಒಂದು ತರಗತಿಗೆ ಸರಾಸರಿ ಮೂವರು.

ಮನಸ್ಸಿನ ವಿಜ್ಞಾನವನ್ನು ಕನ್ನಡದಲ್ಲಿ ಹೇಳುವುದರಲ್ಲಿ ನಾವು ಹಿಂದುಳಿದಿಲ್ಲ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಅಕಾಡೆಮಿಯ ಪ್ರಶಸ್ತಿ ಬಂತು. ಡಾ. ಸಿ.ಆರ್. ಚಂದ್ರಶೇಖರ್ ನೂರಾರು ಪುಸ್ತಕ ಬರೆದು ಹಳ್ಳಿ ಹಳ್ಳಿಗೆ ಮನೋರೋಗದ ತಿಳಿವಳಿಕೆ ಮುಟ್ಟಿಸಿದರು. ಶಿವಮೊಗ್ಗದ ಡಾ. ಅಶೋಕ್ ಪೈ ಆಸ್ಪತ್ರೆಯಲ್ಲಿ ಕಂಡದ್ದನ್ನು ಕಥೆಯಾಗಿಸಿ ‘ಕಾಡಿನ ಬೆಂಕಿ’ಯಂಥ ಚಿತ್ರಕ್ಕೆ ಕೊಟ್ಟರು. ಇಷ್ಟು ಗಟ್ಟಿಯಾದ ವೈದ್ಯ ಸಾಹಿತ್ಯ ಪಕ್ಕದಲ್ಲೇ ಇದ್ದೂ ನಮ್ಮ ಕಾದಂಬರಿಕಾರರು ಅದರಿಂದ ಹದಿಹರೆಯದವರಿಗಾಗಿ ಏನನ್ನೂ ಎತ್ತಿಕೊಳ್ಳಲಿಲ್ಲ ಎಂಬುದು ನಮಗೆ ನಿಜವಾಗಿ ನೋವಿನ ವಿಷಯ.

ಬರೆದ ಕೆಲವು ಕಥೆಗಳಲ್ಲಿ ಮತ್ತೆ ಮತ್ತೆ ಕಾಣುವ ಕೊನೆಯ ಬಗ್ಗೆಯೂ ಹೇಳಬೇಕು. ಮಾತಾಡದ ಹುಡುಗ ಶಾಲಾ ವಾರ್ಷಿಕೋತ್ಸವದಲ್ಲಿ ಮೈಕು ಹಿಡಿದು ಭಾಷಣ ಹೊಡೆದು ಬಹುಮಾನ ಗೆಲ್ಲುತ್ತಾನೆ, ಅಥವಾ ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆಗೇ ಮೊದಲಿಗನಾಗುತ್ತಾನೆ. ಚಪ್ಪಾಳೆ. ಇದನ್ನು ಓದುವ ನಿಜವಾದ ಮುದುಡಿದ ಹುಡುಗ ತನಗೆ ಅದು ಆಗದೆಂದು ಇನ್ನಷ್ಟು ಕುಗ್ಗುತ್ತಾನೆ. ಇನ್ನೊಂದು ಬಗೆಯ ಕಥೆಯಲ್ಲಿ ನೊಂದ ಮಗು ಸತ್ತು ಹಿರಿಯರ ಕಣ್ಣು ತೆರೆಸುತ್ತದೆ. ಅದು ಅಪಾಯದ ಕಥೆ, ಈ ವಯಸ್ಸಿನವರ ಕೈಗೆ ಕೊಡಲೇಬಾರದು. ಒಬ್ಬ ಗೆಳೆಯ ಸಿಕ್ಕಿದ, ಒಬ್ಬ ಮಿಸ್ ಬಳಿ ಒಂದು ವಾಕ್ಯ ಹೇಳಿದಳು, ಇವತ್ತು ಊಟ ಸೇರಿತು ಎಂಬಲ್ಲಿಗೆ ನಿಲ್ಲುವ ಕಥೆ ಬೇಕು. ಸ್ವಭಾವ ಬದಲಾಗದೆಯೂ ಬದುಕು ಹಗುರಾಗಬಹುದು ಎಂದು ತೋರಿಸುವ ಕಥೆ ಬೇಕು. ಅದು ಸೊರಬದ ಆಡುಮಾತಿನಲ್ಲಿರಲಿ, ಆನವಟ್ಟಿ ಬಸ್ ಸ್ಟ್ಯಾಂಡಿನಲ್ಲಿ ನಡೆಯಲಿ. ಕಥೆಗೆ ನೀತಿ ಅಂಟಿಸುವ ಕೆಲಸವನ್ನು ಹಿರಿಯರು ದಯವಿಟ್ಟು ಬಿಡಲಿ.

ತಲುಪಿಸುವ ದಾರಿ ಈಗ ಇದೆ. 2020ರ ನವೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಶುರುವಾಯಿತು. ಆ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳಾಗಿವೆ. ಮಾತಾಡಲು ಹೆದರುವ ಮಗುವಿಗೆ ಗ್ರಂಥಾಲಯಕ್ಕಿಂತ ಒಳ್ಳೆಯ ಜಾಗ ಊರಲ್ಲಿ ಇನ್ನೊಂದಿಲ್ಲ, ಅಲ್ಲಿ ಸುಮ್ಮನಿರುವುದೇ ನಿಯಮ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಪಕ್ಕದಲ್ಲಿ ಹರೆಯದವರ ಕಥೆಗಳಿಗೆ ಕಪಾಟಿನ ಒಂದು ಸಾಲು ಬಿಡಿ ಎಂದು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ಗ್ರಂಥಾಲಯ ಮೇಲ್ವಿಚಾರಕರನ್ನು ಕೇಳಿಕೊಳ್ಳುತ್ತೇವೆ. ‘ಫಣಿಯಮ್ಮ’, ಬೊಳುವಾರರ ಗಾಂಧಿ, ಡಿಸೋಜ, ಬೇವಿನಗಿಡದ, ಬೀಗಾರ, ಹಾಲಾಡಿ ಇವರಿಂದ ಆ ಸಾಲು ಶುರುವಾಗಲಿ. ಕಪಾಟಿನ ಅಂಚಿಗೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅಂಟಿಸಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಬರೆಯುವವರಿಗೆ. ಶಿಕಾರಿಪುರ, ಸೊರಬ, ಸಾಗರದ ಮೇಷ್ಟ್ರುಗಳೇ, ಹಾಸ್ಟೆಲ್ ವಾರ್ಡನ್‌ಗಳೇ, ಆಶಾ ಕಾರ್ಯಕರ್ತೆಯರೇ, ಈ ಮಕ್ಕಳನ್ನು ದಿನವೂ ನೋಡುವವರು ನೀವು. ಯಾರ ಗುರುತೂ ಬಯಲಾಗದಂತೆ ಕಥೆಯಾಗಿ ಬರೆಯಿರಿ. ಹಿಂದಿನ ಬೆಂಚಿನಲ್ಲಿ ಕೂತು ಇದನ್ನು ಓದುತ್ತಿರುವ ನೀನೂ ಬರಿ. ಹೆಸರು ಹಾಕಬೇಕೆಂದಿಲ್ಲ, ವೇದಿಕೆಗೆ ಬರಬೇಕೆಂದಿಲ್ಲ, ಅಕ್ಷರ ದುಂಡಗಿರಬೇಕೆಂದೂ ಇಲ್ಲ. ಬಂದ ಹಸ್ತಪ್ರತಿಗಳನ್ನು ಮೊದಲು ಹದಿಹರೆಯದ ಓದುಗರ ಕೈಗೆ ಕೊಡುತ್ತೇವೆ. ಅವರು ಮೆಚ್ಚಿದ್ದನ್ನು ಮುಂದಿನ ವರ್ಷದ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.